ತೆಳುವಾದ ಕಡ್ಡಿಗೆ ಕಚ್ಚಿಕೊಂಡ ಗಾಜಿನ ಮಣಿಗಳನ್ನು ಒಡೆಯದೆ ಬಿಡಿಸುವುದು ಹೇಗೆ?

ಪ್ರಶ್ನೆ: ಸೆರಗಿನ ಕುಚ್ಚು, ಮೈಸೂರು

ಎಲ್ಲರಿಗೂ ನಮಸ್ಕಾರ. ಮೂರು ವರ್ಷಗಳಿಂದ ನಾನು ಮನೆಯ ಹಿಂದಿನ ಶೆಡ್ಡಿನಲ್ಲಿ ಟಾರ್ಚಿನ ಜ್ವಾಲೆಯ ಮುಂದೆ ಕುಳಿತು, ಬಣ್ಣದ ಗಾಜಿನ ಕೋಲನ್ನು ಕರಗಿಸಿ ಮ್ಯಾಂಡ್ರೆಲ್ ಎನ್ನುವ ಉಕ್ಕಿನ ಕಡ್ಡಿಗೆ ಸುತ್ತಿ ಮಣಿ ಮಾಡುತ್ತಿದ್ದೇನೆ. ಅಡುಗೆ ಅನಿಲದ ಜೊತೆಗೆ, 2021ರಲ್ಲಿ ತಂದೆಯವರಿಗಾಗಿ ಕೊಂಡಿದ್ದ ಐದು ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ ಈಗ ಈ ಕೆಲಸಕ್ಕೆ ಬಳಕೆಯಾಗುತ್ತಿದೆ. ಇದುವರೆಗೆ 2.4 ಮಿ.ಮೀ. ದಪ್ಪದ ಕಡ್ಡಿಗಳನ್ನೇ ಬಳಸುತ್ತಿದ್ದೆ. ರಾತ್ರಿ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ತಿರುಗಿಸಿದರೆ ಮಣಿ ತಾನಾಗಿಯೇ ಜಾರಿ ಬರುತ್ತಿತ್ತು, ಆದ್ದರಿಂದ ಬಿಡಿಸುವುದು ಒಂದು ಸಮಸ್ಯೆಯೆಂದು ನಾನು ಎಂದೂ ಯೋಚಿಸಿರಲಿಲ್ಲ.

ಈ ಬಾರಿ ತಂಗಿಯ ಮದುವೆಯ ಸೀರೆಗೆ ಕುಚ್ಚು ಕಟ್ಟಲು ಮಣಿಗಳು ಬೇಕಾದವು. ತೂತು ದೊಡ್ಡದಾದರೆ ರೇಷ್ಮೆ ದಾರದ ಗಂಟು ಅದರೊಳಗಿಂದ ನುಸುಳಿಬಿಡುತ್ತದೆ ಎಂಬ ಕಾರಣಕ್ಕೆ 1.2 ಮಿ.ಮೀ. ದಪ್ಪದ ಕಡ್ಡಿಗಳನ್ನು ತಂದೆ. ಅವು ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ 316ಎಲ್ ದರ್ಜೆಯ ಟಿಗ್ ಫಿಲ್ಲರ್ ಕಡ್ಡಿಗಳು. ಗಾಜು ಕಡ್ಡಿಗೆ ಅಂಟದಂತೆ ಅದಕ್ಕೆ ಬಳಿಯಲು ನಾನು ಹಿಂದೆ ಬಳಸುತ್ತಿದ್ದ ಸಿದ್ಧ ಲೇಪ ಮುಗಿದಿತ್ತು. ಕುಂಬಾರಿಕೆ ಸಾಮಗ್ರಿ ಮಾರುವವರಿಂದ ಕೆಯೊಲಿನ್ (ಬಿಳಿ ಜೇಡಿ) ಮತ್ತು ಅಲ್ಯುಮಿನಾ (ಅಲ್ಯೂಮಿನಿಯಂ ಆಕ್ಸೈಡಿನ ಪುಡಿ) ತರಿಸಿ, ಎರಡು ಪಾಲು ಕೆಯೊಲಿನ್‌ಗೆ ಒಂದು ಪಾಲು ಅಲ್ಯುಮಿನಾ ಬೆರೆಸಿ, ನೀರಿನಲ್ಲಿ ಕಲಸಿ, ಕಡ್ಡಿಗಳನ್ನು ಅದ್ದಿ, ಸಮಯವಿಲ್ಲದ ಕಾರಣ ಜ್ವಾಲೆಯಲ್ಲಿಯೇ ಒಣಗಿಸಿದೆ. ಸುಮಾರು 20 ಮಿ.ಮೀ. ಉದ್ದದ ಕೊಳವೆಯಾಕಾರದ ಹದಿನಾಲ್ಕು ಮಣಿಗಳನ್ನು ಮಾಡಿ, ಎಂದಿನಂತೆ ವರ್ಮಿಕ್ಯುಲೈಟ್ ಎಂಬ, ಶಾಖವನ್ನು ಹಿಡಿದಿಡುವ ಹಗುರವಾದ ಖನಿಜ ತುಂಬಿದ ಡಬ್ಬಿಯಲ್ಲಿ ಹೂತು ತಣಿಸಿದೆ. ಗಾಜು ಸಾಮಾನ್ಯವಾಗಿ ಎಲ್ಲರೂ ಬಳಸುವ, 104 ಎಂದು ಗುರುತಿಸುವ ಮೃದು ಗಾಜು.

ಈಗ ಒಂದೂ ಬರುತ್ತಿಲ್ಲ. ಎರಡು ದಿನ ನೀರಿನಲ್ಲಿ ನೆನೆಸಿದ್ದೇನೆ. ಇಕ್ಕಳದಿಂದ ಕಡ್ಡಿಯ ತುದಿ ಹಿಡಿದು ತಿರುಗಿಸಿದರೆ, ಮಣಿ ಕದಲುವುದಕ್ಕೆ ಮೊದಲೇ ಕಡ್ಡಿಯೇ ಹಗ್ಗದಂತೆ ಹುರಿಗೊಳ್ಳುತ್ತಿದೆ. ಬಲವಾಗಿ ಎಳೆಯಲು ಹೋಗಿ ಎರಡನ್ನು ಒಡೆದುಕೊಂಡೆ. ಮೂರನೆಯದು ನಾನು ಮುಟ್ಟುವ ಮೊದಲೇ ಉದ್ದಕ್ಕೆ ಸೀಳಿತು. ಉಳಿದ ಹನ್ನೊಂದನ್ನು ಉಳಿಸಿಕೊಳ್ಳುವ ಮಾರ್ಗವಿದೆಯೇ? ಜೊತೆಗೆ, ತೆಳುವಾದ ಕಡ್ಡಿಯಲ್ಲಿ ಮಾತ್ರ ಹೀಗೇಕಾಯಿತು ಎಂಬುದನ್ನೂ ತಿಳಿದವರು ತಿಳಿಸಬೇಕೆಂದು ಕೋರುತ್ತೇನೆ.

---

ಉತ್ತರ: ಜ್ವಾಲೆಮಣಿ, ಬೆಂಗಳೂರು

ಸೆರಗಿನ ಕುಚ್ಚು ಅವರೇ, ಮೊದಲು ಎಲ್ಲ ಇಕ್ಕಳಗಳನ್ನೂ ಕೆಳಗಿಡಿ. ನಿಮ್ಮ ಮೂರನೆಯ ಮಣಿ ಯಾರೂ ಮುಟ್ಟದೆ ಸೀಳಿದ್ದೇ ಮುಖ್ಯವಾದ ಸೂಚನೆ. ವರ್ಮಿಕ್ಯುಲೈಟ್ ಗಾಜನ್ನು ನಿಧಾನವಾಗಿ ತಣಿಸುತ್ತದೆಯೇ ಹೊರತು ಅನೀಲ್ ಮಾಡುವುದಿಲ್ಲ, ಅಂದರೆ ತಕ್ಕ ತಾಪಮಾನದಲ್ಲಿ ಹಿಡಿದಿಟ್ಟು ಗಾಜಿನೊಳಗಿನ ಬಿಗಿತವನ್ನು ಕಳೆಯುವುದಿಲ್ಲ. ಗಾಜಿನ ಹೊರಮೈ ಮೊದಲು ಗಟ್ಟಿಯಾಗಿ, ಒಳಭಾಗ ಆಮೇಲೆ ಕುಗ್ಗಿದಾಗ ಉಳಿದುಕೊಳ್ಳುವ ಬಿಗಿತ ಆ ಮಣಿಗಳೊಳಗೆ ಇನ್ನೂ ಇದೆ. ಅಂತಹ ಮಣಿಯ ಮೇಲೆ ನೀವು ಹಾಕುವ ಪ್ರತಿಯೊಂದು ತಿರುಚು ಈಗಾಗಲೇ ಇರುವ ಬಿಗಿತದೊಂದಿಗೆ ಸೇರಿಕೊಳ್ಳುತ್ತದೆ. ಹಾಗಾಗಿ ಬಿಡಿಸುವ ಪ್ರಯತ್ನಕ್ಕೆ ಮುನ್ನ ಹನ್ನೊಂದನ್ನೂ ಕಡ್ಡಿಯ ಸಮೇತ ಅನೀಲ್ ಮಾಡಿಸಿಬಿಡಿ. ನಿಮ್ಮಲ್ಲಿ ಕಿಲ್ನ್ (ಕುಲುಮೆ) ಇಲ್ಲದಿದ್ದರೆ ಪಿಂಗಾಣಿ ಕೆಲಸ ಮಾಡುವ ಯಾರಲ್ಲಾದರೂ ಕೇಳಬಹುದು, ತಾಪಮಾನವನ್ನು ಹಿಡಿದಿಡುವ ನಿಯಂತ್ರಕ ಇದ್ದರೆ ಸಾಕು.

ಇಲ್ಲಿ ಒಂದು ಎಚ್ಚರಿಕೆ ಇದೆ. ನೀವು ಎರಡು ದಿನ ನೆನೆಸಿದ್ದೀರಿ, ಆದ್ದರಿಂದ ತೂತಿನೊಳಗೆ ನೀರು ನಿಂತಿರುತ್ತದೆ. ಅದನ್ನು ಹಾಗೆಯೇ ಕಿಲ್ನ್‌ಗೆ ಹಾಕಿದರೆ ಆವಿಯ ಒತ್ತಡಕ್ಕೆ ಮಣಿ ಒಡೆಯಬಹುದು. ಎರಡು ಮೂರು ದಿನ ಗಾಳಿಯಾಡುವ ಕಡೆ ಒಣಗಿಸಿ, ನಂತರ ನೂರು ಡಿಗ್ರಿಗಿಂತ ತುಸು ಕೆಳಗೆ ಒಂದೆರಡು ಗಂಟೆ ಹಿಡಿದು, ಆಮೇಲೆ ನಿಧಾನವಾಗಿ ಏರಿಸಬೇಕು. 104 ಗಾಜಿಗೆ ಸುಮಾರು 510 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧದಿಂದ ಮುಕ್ಕಾಲು ಗಂಟೆ ನಿಲ್ಲಿಸಿ, ಅವಸರವಿಲ್ಲದೆ 370ರ ತನಕ ಇಳಿಸಿ, ಅಲ್ಲಿಂದ ಮುಂದೆ ಕಿಲ್ನ್ ತಾನಾಗಿ ತಣಿಯಲು ಬಿಡುವುದು ನನ್ನ ಪದ್ಧತಿ. ಕಡ್ಡಿ ಒಳಗಿದ್ದರೆ ಅದು ಹಿಗ್ಗಿ ಮಣಿಯನ್ನು ಸೀಳುವುದಿಲ್ಲವೇ ಎಂದು ನೀವು ಕೇಳಬಹುದು. ಗಾಜು ಗಟ್ಟಿಯಾದಾಗ ಕಡ್ಡಿ ಎಷ್ಟು ಹಿಗ್ಗಿತ್ತೋ ಅಷ್ಟಕ್ಕೇ ಮತ್ತೆ ಹಿಗ್ಗುವುದರಿಂದ, ನಿಧಾನವಾಗಿ ಬಿಸಿ ಮಾಡಿದರೆ ತೊಂದರೆಯಿಲ್ಲ. ಟಾರ್ಚಿನಿಂದ ಹೊರಗಿನ ಕಡ್ಡಿಯನ್ನು ಮಾತ್ರ ಕಾಯಿಸಿ ಸಡಿಲಿಸುತ್ತೇನೆ ಎಂದು ಹೊರಟರೆ ಮಾತ್ರ ಮಣಿ ಖಂಡಿತ ಹೋಗುತ್ತದೆ.

ಅನೀಲ್ ಆದ ಮೇಲೆ ಮತ್ತೆ ಒಂದು ರಾತ್ರಿ ನೆನೆಸಿ. ನೀರಿಗೆ ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿದರೆ ಅದು ತೂತಿನೊಳಗೆ ಸುಲಭವಾಗಿ ಇಳಿಯುತ್ತದೆ. ಬಿಡಿಸುವಾಗ ತಿರುಗಬೇಕಾದದ್ದು ಕಡ್ಡಿ, ಮಣಿಯಲ್ಲ. ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿದ ಪಟ್ಟಿಯಲ್ಲಿ ಮಣಿಯನ್ನು ಸುತ್ತಿ ಅಂಗೈಯಲ್ಲಿ ಅದುಮಿ ಹಿಡಿದುಕೊಳ್ಳಿ. ಹೀಗೆ ಮಾಡಿದರೆ ಹಿಡಿತ ಮಣಿಯ ಇಡೀ ಮೈಗೆ ಹಂಚಿಹೋಗುತ್ತದೆ. ಕಡ್ಡಿಯನ್ನು ಮಣಿಯಿಂದ ಅರ್ಧ ಬೆರಳಿನಷ್ಟೂ ದೂರವಿಲ್ಲದಂತೆ, ಮಣಿಯ ಬಾಯಿಗೆ ಒತ್ತಿಕೊಂಡೇ ಹಿಡಿಯಬೇಕು. ಇಕ್ಕಳಕ್ಕಿಂತ ಅಕ್ಕಸಾಲಿಗರು ಬಳಸುವ ಪಿನ್ ವೈಸ್ ಈ ಕೆಲಸಕ್ಕೆ ಬಹಳ ಮೇಲು. ಇಕ್ಕಳ ಕಡ್ಡಿಯನ್ನು ಎರಡೇ ಗೆರೆಗಳಲ್ಲಿ ಕಚ್ಚಿ ಚಪ್ಪಟೆ ಮಾಡುತ್ತದೆ, ಪಿನ್ ವೈಸ್ ಸುತ್ತಲೂ ಸಮನಾಗಿ ಹಿಡಿಯುತ್ತದೆ. ಒಂದೇ ದಿಕ್ಕಿಗೆ ಜಗ್ಗದೆ, ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ಎಂದು ಆಡಿಸಿ. ಮರಳು ಅರೆದಂತಹ ಸಣ್ಣ ಸದ್ದು ಕೇಳಿಸಿತೆಂದರೆ ಲೇಪ ಪುಡಿಯಾಗತೊಡಗಿದೆ ಎಂದು ತಿಳಿಯಿರಿ. ಆಗ ತಕ್ಷಣ ಎಳೆಯಬೇಡಿ. ಮತ್ತೆ ನೀರಿಗೆ ಅದ್ದಿ, ಪುಡಿ ಹೊರಬರಲು ಬಿಟ್ಟು, ಪುನಃ ಆಡಿಸಿ.

ನೀವು ಈಗಾಗಲೇ ಹುರಿಗೊಳಿಸಿದ ಕಡ್ಡಿಗಳ ಆ ಭಾಗವನ್ನು ಕತ್ತರಿಸಿ ಎಸೆಯಿರಿ. ಕಡ್ಡಿಯನ್ನು ಉಳಿಸುವ ಆಸೆ ಇಟ್ಟುಕೊಂಡವರು ಮಣಿಯನ್ನು ಕಳೆದುಕೊಳ್ಳುತ್ತಾರೆ. ಆದರೆ ಕತ್ತರಿಸಿದ ತುದಿಯಲ್ಲಿ ಕಣ್ಣಿಗೆ ಕಾಣದ ಚೂಪು ಅಂಚು ಎದ್ದಿರುತ್ತದೆ. ಅದನ್ನು ಅರದಿಂದ ಉಜ್ಜಿ ಸಮ ಮಾಡದಿದ್ದರೆ ಸಡಿಲವಾದ ಮಣಿಯೂ ಆ ತುದಿಯ ಬಳಿಗೆ ಬಂದು ಸಿಕ್ಕಿಕೊಳ್ಳುತ್ತದೆ. ಇದನ್ನು ನಾನು ಕಲಿತದ್ದು, ಹೊರಬರಲು ಎರಡು ಮಿ.ಮೀ. ಮಾತ್ರ ಉಳಿದಿದ್ದ ಮಣಿಯೊಂದನ್ನು ಅಂಚಿನಲ್ಲಿ ಒಡೆದುಕೊಂಡ ದಿನ.

---

ಉತ್ತರ: ದಾರಿಹೋಕ

ಇಷ್ಟೆಲ್ಲ ಕಷ್ಟಪಡುವ ಬದಲು ಆಸಿಡ್‌ನಲ್ಲಿ ಹಾಕಿಡಬಹುದಲ್ಲವೇ? ವೆನಿಸ್‌ನಲ್ಲಿ ಮಣಿ ಮಾಡುವವರು ತಂತಿಯನ್ನು ಆಸಿಡ್‌ನಲ್ಲಿ ಕರಗಿಸಿಯೇ ಮಣಿ ತೆಗೆಯುತ್ತಾರೆ ಎಂದು ಓದಿದ್ದೆ. ಗಾಜಿಗೆ ಅಂತಹ ಆಸಿಡ್‌ನಿಂದ ಏನೂ ಆಗುವುದಿಲ್ಲ. ಅಕ್ಕಸಾಲಿಗರ ಬಳಿ ನೈಟ್ರಿಕ್ ಆಸಿಡ್ ಇದ್ದೇ ಇರುತ್ತದೆ, ಅದೂ ಬೇಡವೆಂದರೆ ಶೌಚಾಲಯ ತೊಳೆಯುವ ಆಸಿಡ್ ಕಿರಾಣಿ ಅಂಗಡಿಯಲ್ಲಿಯೇ ಸಿಗುತ್ತದೆ.

---

ಉತ್ತರ: ರಸಾಯನ ಮೇಷ್ಟ್ರು, ಧಾರವಾಡ

ದಾರಿಹೋಕರು ಓದಿದ್ದು ಸುಳ್ಳಲ್ಲ, ಆದರೆ ಅದು ಈ ಸಂದರ್ಭಕ್ಕೆ ಹೊಂದುವುದಿಲ್ಲ. ವೆನಿಸ್‌ನ ಪದ್ಧತಿಯಲ್ಲಿ ಗಾಜನ್ನು ಸುತ್ತುವುದು ತಾಮ್ರದ ತಂತಿಯ ಮೇಲೆ. ತಾಮ್ರ ನೈಟ್ರಿಕ್ ಆಮ್ಲದಲ್ಲಿ ಕರಗಿಹೋಗುತ್ತದೆ, ಗಾಜು ಉಳಿಯುತ್ತದೆ, ಹಾಗಾಗಿ ಅಲ್ಲಿ ಬಿಡಿಸುವ ಪ್ರಶ್ನೆಯೇ ಬರುವುದಿಲ್ಲ. (ಇಟಲಿ ಮತ್ತು ಫ್ರಾನ್ಸ್ ದೇಶಗಳ ಗಾಜಿನ ಮಣಿಯ ಕಲೆಯನ್ನು 2020ರಲ್ಲಿ ಯುನೆಸ್ಕೊ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ.) ನಮ್ಮ ಪ್ರಶ್ನೆಯಲ್ಲಿರುವುದು ಸ್ಟೇನ್‌ಲೆಸ್ ಸ್ಟೀಲ್. ಅದರ ಮೇಲ್ಮೈಯಲ್ಲಿರುವ ಕ್ರೋಮಿಯಂ ಆಕ್ಸೈಡಿನ ತೆಳುವಾದ ಪದರವನ್ನು ನೈಟ್ರಿಕ್ ಆಮ್ಲ ಕರಗಿಸುವುದಿಲ್ಲ. ವಾಸ್ತವವಾಗಿ ಆ ಪದರವನ್ನು ಇನ್ನಷ್ಟು ಗಟ್ಟಿಗೊಳಿಸುವುದಕ್ಕಾಗಿಯೇ ಕಾರ್ಖಾನೆಗಳಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಭಾಗಗಳನ್ನು ನೈಟ್ರಿಕ್ ಆಮ್ಲದಲ್ಲಿ ಅದ್ದುತ್ತಾರೆ. ಅಂದರೆ ಒಂದು ವಾರ ಆಮ್ಲದಲ್ಲಿ ಇಟ್ಟರೂ ಕಡ್ಡಿ ಮೊದಲಿಗಿಂತ ಚೆನ್ನಾಗಿ ಹೊಳೆಯುತ್ತ ಮಣಿಯೊಳಗೆ ಕುಳಿತಿರುತ್ತದೆ.

ಶೌಚಾಲಯ ತೊಳೆಯಲು ಬಳಸುವುದು ಹೈಡ್ರೋಕ್ಲೋರಿಕ್ ಆಮ್ಲ. ಅದು ಸ್ಟೀಲನ್ನು ನಿಧಾನವಾಗಿ ತಿನ್ನುತ್ತದೆ ನಿಜ. ಆದರೆ ಒಂದು ಮಿ.ಮೀ. ಬಾಯಿಯ, ಲೇಪದಿಂದ ಮುಚ್ಚಿದ ತೂತಿನೊಳಗೆ 20 ಮಿ.ಮೀ. ಆಳದವರೆಗೆ ಅದು ತಿನ್ನುವ ಹೊತ್ತಿಗೆ ಶೆಡ್ಡಿನಲ್ಲಿರುವ ಉಪಕರಣಗಳೆಲ್ಲ ಅದರ ಹೊಗೆಗೆ ತುಕ್ಕು ಹಿಡಿದಿರುತ್ತವೆ, ನಿಮ್ಮ ಶ್ವಾಸಕೋಶದ ವಿಷಯ ಬೇರೆ ಹೇಳಬೇಕಾಗಿಲ್ಲ. ಮನೆಯಲ್ಲಿ ದಯವಿಟ್ಟು ಈ ಎರಡರಲ್ಲಿ ಯಾವುದನ್ನೂ ಪ್ರಯತ್ನಿಸಬೇಡಿ. ವಿನೆಗರ್ ಅಥವಾ ನಿಂಬೆಹುಳಿ ನಿರಪಾಯಕಾರಿ, ಆದರೆ ಲೇಪದಲ್ಲಿ ಸುಣ್ಣದ ಕಲ್ಲಿನ ಪುಡಿಯೋ ಚಾಕ್ ಪುಡಿಯೋ ಇದ್ದರೆ ಮಾತ್ರ ಅವುಗಳಿಂದ ಪ್ರಯೋಜನ. ಕೆಯೊಲಿನ್ ಮತ್ತು ಅಲ್ಯುಮಿನಾ ಎರಡೂ ಅವಕ್ಕೆ ಜಗ್ಗುವುದಿಲ್ಲ.

ನನ್ನ ಅನಿಸಿಕೆಯಂತೆ ಮೂಲ ದೋಷ ಇರುವುದು ಲೇಪದ ಪಾಲಿನಲ್ಲಿ. ಕೆಯೊಲಿನ್ ಒಂದು ಜೇಡಿ. ಹಸಿ ಜೇಡಿಯ ಹೆಂಟೆಯನ್ನು ನೀರಿಗೆ ಹಾಕಿದರೆ ಕರಗಿ ಕೆಸರಾಗುತ್ತದೆ, ಸುಟ್ಟ ಮಡಕೆಯ ಚೂರನ್ನು ಹಾಕಿದರೆ ನೂರು ವರ್ಷವಾದರೂ ಕರಗುವುದಿಲ್ಲ. ಕೆಯೊಲಿನ್ ಸುಮಾರು 500ರಿಂದ 600 ಡಿಗ್ರಿಗಳ ನಡುವೆ ತನ್ನ ರಚನೆಯಲ್ಲಿಯೇ ಸೇರಿಕೊಂಡಿರುವ ನೀರನ್ನು ಕಳೆದುಕೊಳ್ಳುತ್ತದೆ, ಅದಾದ ಮೇಲೆ ನೆನೆಸಿದರೂ ಮತ್ತೆ ಮೆತ್ತಗಾಗುವುದಿಲ್ಲ. ಟಾರ್ಚಿನ ಮುಂದೆ ಕಡ್ಡಿ ಕೆಂಪಗಾಗುತ್ತದೆಯಾದ್ದರಿಂದ ಈ ಮಿತಿ ಸುಲಭವಾಗಿ ದಾಟುತ್ತದೆ. ಹಾಗಾದರೆ ನೆನೆಸುವುದರಿಂದ ಲಾಭವೇನು ಎಂದು ಕೇಳಿದರೆ, ನೀರು ಲೇಪವನ್ನು ಕರಗಿಸುವುದಿಲ್ಲ, ಅದರ ಕಣಗಳ ನಡುವೆ ಸೇರಿ ಜಾರುವಂತೆ ಮಾಡುತ್ತದೆ, ಪುಡಿಯನ್ನು ಹೊರಗೆ ಒಯ್ಯುತ್ತದೆ. ಲೇಪ ಸೀಮೆಸುಣ್ಣದ ಕಡ್ಡಿಯಂತೆ ಪುಡಿಪುಡಿಯಾಗಿ ಉಳಿದಿದ್ದರೆ ಮಾತ್ರ ಇದು ಸಾಧ್ಯ. ಹಾಗೆ ಪುಡಿಯಾಗಿ ಉಳಿಸುವುದೇ ಅಲ್ಯುಮಿನಾದ ಕೆಲಸ, ಏಕೆಂದರೆ ಈ ತಾಪಮಾನದಲ್ಲಿ ಅದರ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುವುದಿಲ್ಲ. ಕೆಯೊಲಿನ್ ಇರಬೇಕಾದದ್ದು ಲೇಪ ಕಡ್ಡಿಗೆ ಅಂಟಿ ನಿಲ್ಲುವಷ್ಟಕ್ಕೆ ಮಾತ್ರ. ಪಿಂಗಾಣಿ ಕೆಲಸದವರು ಕಿಲ್ನ್‌ನ ಹಲಗೆಗಳಿಗೆ ಬಳಿಯುವ ಲೇಪದಲ್ಲಿ ಸಹ ಇವೆರಡನ್ನೂ ಸಾಮಾನ್ಯವಾಗಿ ಸಮಪಾಲಿನಲ್ಲಿ ಬೆರೆಸುತ್ತಾರೆ. ನೀವು ಜೇಡಿಯನ್ನು ಇಮ್ಮಡಿ ಹಾಕಿದ್ದೀರಿ, ಅಂದರೆ ಮಣಿಯೊಳಗೆ ಒಂದು ಸಣ್ಣ ಮಡಕೆಯನ್ನು ಸುಟ್ಟಿದ್ದೀರಿ.

---

ಉತ್ತರ: ಲೇತ್ ಕೆಲಸದವ, ಹುಬ್ಬಳ್ಳಿ

ನಾನು ಮಣಿ ಮಾಡುವವನಲ್ಲ. ಮಗಳು ಈ ಚರ್ಚೆಯನ್ನು ತೋರಿಸಿದಳು. ತೆಳುವಾದ ಕಡ್ಡಿಯಲ್ಲಿ ಮಾತ್ರ ಏಕೆ ಹೀಗೆ ಎಂಬ ಪ್ರಶ್ನೆಗೆ ಯಂತ್ರದ ಕೆಲಸದವರು ಸುಲಭವಾಗಿ ಉತ್ತರಿಸಬಹುದೆಂದು ಬರೆಯುತ್ತಿದ್ದೇನೆ.

ಮಣಿಯ ಹಿಡಿತವನ್ನು ಬಿಡಿಸಲು ಬೇಕಾದ ತಿರುಚುಬಲ, ಮಣಿ ಕಡ್ಡಿಯನ್ನು ಅಪ್ಪಿಕೊಂಡಿರುವ ಮೈಯ ವಿಸ್ತೀರ್ಣವನ್ನೂ ಕಡ್ಡಿಯ ತ್ರಿಜ್ಯವನ್ನೂ ಅವಲಂಬಿಸಿರುತ್ತದೆ. ದಪ್ಪ ಅರ್ಧವಾದರೆ ಬೇಕಾದ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಕೇಳಲು ಇದು ಒಳ್ಳೆಯ ಸುದ್ದಿಯೇ. ಆದರೆ ಕಡ್ಡಿ ಹುರಿಗೊಳ್ಳದೆ ತಡೆದುಕೊಳ್ಳಬಲ್ಲ ತಿರುಚುಬಲ ದಪ್ಪದ ಘನಕ್ಕೆ ಅನುಗುಣವಾದದ್ದರಿಂದ, ಅದು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ ಅದೇ ಉದ್ದದ ಮಣಿಯನ್ನು 2.4ರ ಬದಲು 1.2 ಮಿ.ಮೀ. ಕಡ್ಡಿಯ ಮೇಲೆ ಮಾಡಿದಾಗ ನಿಮ್ಮ ಕೈಯಲ್ಲಿರುವ ಅವಕಾಶ ಸರಿಯಾಗಿ ಅರ್ಧವಾಯಿತು. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ನೀವು ಮಾಡಿದ 20 ಮಿ.ಮೀ. ಮಣಿಯನ್ನು ಬಿಡಿಸುವುದು, ಹಳೆಯ ಕಡ್ಡಿಯ ಮೇಲೆ 40 ಮಿ.ಮೀ. ಉದ್ದದ ಮಣಿಯನ್ನು ಬಿಡಿಸಿದಷ್ಟೇ ಕಷ್ಟ. ಹಳೆಯ ಕಡ್ಡಿಯಲ್ಲಿ ನೀವು ಅಷ್ಟು ಉದ್ದದ ಮಣಿಯನ್ನು ಎಂದಾದರೂ ಮಾಡಿದ್ದಿರಾ, ಮೇಡಂ?

ಎರಡನೆಯ ಕಾರಣ ಕುಗ್ಗುವಿಕೆಯದು. ಒಂದು ಡಿಗ್ರಿ ತಣಿದಾಗ ಈ ಮೃದು ಗಾಜು ಹತ್ತು ಲಕ್ಷದಲ್ಲಿ ಹತ್ತೂವರೆ ಪಾಲಿನಷ್ಟು ಕುಗ್ಗಿದರೆ, ಸ್ಟೇನ್‌ಲೆಸ್ ಸ್ಟೀಲ್ ಸುಮಾರು ಹದಿನೇಳು ಪಾಲು ಕುಗ್ಗುತ್ತದೆ. ಕಡ್ಡಿ ಮಣಿಗಿಂತ ಹೆಚ್ಚು ಕುಗ್ಗುವುದರಿಂದಲೇ ನಡುವೆ ಸಂದು ಬಿಡುತ್ತದೆ, ಸ್ಟೇನ್‌ಲೆಸ್ ಈ ಕೆಲಸಕ್ಕೆ ಒಗ್ಗುವುದೂ ಅದಕ್ಕಾಗಿಯೇ. ಆದರೆ ಈ ಸಂದು ಕಡ್ಡಿಯ ದಪ್ಪದ ಜೊತೆಗೆ ಬೆಳೆಯುತ್ತದೆ. ಗಾಜು ಗಟ್ಟಿಯಾಗುವ ಹಂತದಿಂದ ಕೋಣೆಯ ತಾಪಮಾನದವರೆಗೆ ಲೆಕ್ಕ ಹಾಕಿದರೆ 2.4 ಮಿ.ಮೀ. ಕಡ್ಡಿಗೆ ಸುಮಾರು ಏಳು ಮೈಕ್ರಾನ್, 1.2ಕ್ಕೆ ಮೂರೂವರೆ ಮೈಕ್ರಾನ್ ಮಾತ್ರ. ಲೇಪದ ಒಂದು ಕಣವೇ ಅಷ್ಟು ದಪ್ಪ ಇರಬಹುದು.

ಮಣಿಯನ್ನು ಫ್ರೀಜರಿನಲ್ಲಿ ಇಟ್ಟರೆ ಬಿಡುತ್ತದೆ ಎಂದು ಹಲವರು ಹೇಳುತ್ತಾರೆ ಎಂದು ಮಗಳು ಹೇಳಿದಳು. ಇದೇ ಲೆಕ್ಕದಂತೆ ಕೋಣೆಯಿಂದ ಮೈನಸ್ 18 ಡಿಗ್ರಿಗೆ ಇಳಿಸಿದರೆ ದೊರೆಯುವ ಹೆಚ್ಚುವರಿ ಸಂದು ಮೂರನೆಯ ಒಂದು ಮೈಕ್ರಾನಿನ ಆಸುಪಾಸು, ಅದರಿಂದ ಏನೂ ಆಗದು. ಆದರೆ ಒದ್ದೆಯಾದ ಮಣಿಯನ್ನು ಇಟ್ಟಾಗ ನಡೆಯುವುದೇ ಬೇರೆ. ನೀರು ಮಂಜುಗಡ್ಡೆಯಾಗುವಾಗ ಗಾತ್ರದಲ್ಲಿ ಶೇ. 9ರಷ್ಟು ಹಿಗ್ಗುತ್ತದೆ, ಲೇಪದ ಕಣಗಳ ನಡುವೆ ನೀರಿದ್ದರೆ ಅವನ್ನು ಒಳಗಿನಿಂದಲೇ ಬಿರಿಯುವಂತೆ ಮಾಡುತ್ತದೆ. ಫ್ರೀಜರಿನಿಂದ ಲಾಭವಾದವರಿಗೆ ಲಾಭವಾದದ್ದು ಇದರಿಂದ ಎಂಬುದು ನನ್ನ ಊಹೆ. ಗಾಜಿನ ಗೋಡೆ ತೆಳುವಾಗಿದ್ದರೆ ಮಣಿಯೂ ಬಿರಿಯಬಹುದು, ಆದ್ದರಿಂದ ಮೊದಲು ಮನಸ್ಸಿಗೆ ಹೆಚ್ಚು ಹತ್ತಿರವಲ್ಲದ ಒಂದು ಮಣಿಯಲ್ಲಿ ನೋಡಿ.

ಕೊನೆಯದಾಗಿ ಹಿಡಿಯುವ ಬಗ್ಗೆ ಒಂದು ಮಾತು. ಕಡ್ಡಿಯ ಒಂದೇ ತುದಿಯನ್ನು ತಿರುಗಿಸಿದರೆ ಇಡೀ ಬಲ ಆ ಒಂದು ಬದಿಯ ಮೇಲೆಯೇ ಬೀಳುತ್ತದೆ. ಮಣಿಯ ಎರಡೂ ಬದಿಯಲ್ಲಿ ಕಡ್ಡಿ ಉಳಿದಿದ್ದರೆ ಎರಡಕ್ಕೂ ಒಂದೊಂದು ಪಿನ್ ವೈಸ್ ಹಾಕಿ, ಚಪಾತಿ ಲಟ್ಟಿಸುವಾಗ ಲಟ್ಟಣಿಗೆಯ ಎರಡು ಹಿಡಿಗಳೂ ಒಟ್ಟಿಗೆ ಮುಂದಕ್ಕೆ ಉರುಳುವಂತೆ, ಎರಡನ್ನೂ ಒಂದೇ ಕಡೆಗೆ ತಿರುಗಿಸಿ. ಆಗ ಪ್ರತಿಯೊಂದು ಬದಿಗೂ ಅರ್ಧ ಬಲ ಮಾತ್ರ ಬೀಳುತ್ತದೆ. ಮಣಿಯನ್ನು ಹಿಡಿಯಲು ಇನ್ನೊಬ್ಬರು ಬೇಕಾಗುತ್ತಾರೆ. ವಿದ್ಯುತ್ ಡ್ರಿಲ್ಲಿಗೆ ಕಡ್ಡಿಯನ್ನು ಸಿಕ್ಕಿಸಿ ತಿರುಗಿಸುವ ಯೋಚನೆ ಬಂದರೆ ಅದನ್ನು ಬಿಟ್ಟುಬಿಡಿ. ಮಣಿ ಕೈಯಲ್ಲಿ ಒಡೆದಾಗ ಯಂತ್ರ ನಿಲ್ಲುವುದಿಲ್ಲ. ಕೈಗವಸು ಹಾಕಿಕೊಂಡರೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ತಿರುಗುವ ಕಡ್ಡಿಗೆ ಬಟ್ಟೆ ಸುತ್ತಿಕೊಳ್ಳುತ್ತದೆ.

---

ಪ್ರತಿಕ್ರಿಯೆ: ಸೆರಗಿನ ಕುಚ್ಚು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಲೇತ್ ಕೆಲಸದ ಸರ್, ಹಳೆಯ ಕಡ್ಡಿಯಲ್ಲಿ ನಾನು ಮಾಡಿದ ಅತ್ಯಂತ ಉದ್ದದ ಮಣಿ 15 ಮಿ.ಮೀ. ಇದ್ದಿರಬೇಕು. ಕಡ್ಡಿ ತೆಳುವಾದರೆ ಬಿಡಿಸುವುದು ಸುಲಭವಾಗುತ್ತದೆ ಎಂದೇ ನಾನು ಭಾವಿಸಿದ್ದೆ. ಮೇಷ್ಟ್ರೇ, ಮಡಕೆಯ ಮಾತು ಓದಿ ನಗು ಬಂದರೂ, ಒಡೆದ ಮಣಿಗಳ ತೂತನ್ನು ಸೂಜಿಯಿಂದ ಕೆರೆದು ನೋಡಿದಾಗ ಲೇಪ ಪುಡಿಯಾಗದೆ ನಿಜಕ್ಕೂ ಹೆಂಚಿನ ಚಕ್ಕೆಯಂತೆ ಎದ್ದುಬಂತು. ಒಂದು ಮಣಿಯಲ್ಲಿ ಲೇಪ ಬಿರುಕು ಬಿಟ್ಟ ಕಡೆ ಗಾಜು ಕಡ್ಡಿಯನ್ನೇ ನೇರವಾಗಿ ಮುಟ್ಟಿರುವುದೂ ಕಾಣಿಸಿತು. ಪರಿಚಯದವರೊಬ್ಬರ ಪಿಂಗಾಣಿ ಕಿಲ್ನ್‌ನಲ್ಲಿ ಈ ವಾರ ಅನೀಲ್ ಮಾಡಿಸಲು ಒಪ್ಪಿಗೆ ಸಿಕ್ಕಿದೆ. ಮುಂದಿನ ಬಾರಿಗೆ ಲೇಪವನ್ನು ಹೇಗೆ ಹಾಕಬೇಕೆಂದು ಜ್ವಾಲೆಮಣಿ ಅವರು ತಿಳಿಸಿದರೆ ಉಪಕಾರವಾಗುತ್ತದೆ.

---

ಉತ್ತರ: ಜ್ವಾಲೆಮಣಿ

ಬಿರುಕಿಗೆ ಕಾರಣ ಜ್ವಾಲೆಯಲ್ಲಿ ಒಣಗಿಸಿದ್ದು. ಕೆಲವು ಸಿದ್ಧ ಲೇಪಗಳನ್ನು ಜ್ವಾಲೆಯಲ್ಲಿ ಒಣಗಿಸುವುದಕ್ಕೆಂದೇ ತಯಾರಿಸಿರುತ್ತಾರೆ. ನಾವು ಮನೆಯಲ್ಲಿ ಕಲಸಿದ ಲೇಪ ಹಾಗಲ್ಲ. ಹೊರಗೆ ಬೇಗ ಒಣಗಿ, ಒಳಗಿನ ತೇವ ಆವಿಯಾಗಿ ಹೊರಬರುವಾಗ ಪದರ ಎದ್ದೇಳುತ್ತದೆ. ಕಡ್ಡಿಗಳನ್ನು ಅದ್ದಿ, ಮರಳು ತುಂಬಿದ ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ರಾತ್ರಿ ಗಾಳಿಯಲ್ಲಿಯೇ ಒಣಗಿಸಿ. ಅದಕ್ಕೂ ಮುನ್ನ ಟಿಗ್ ಕಡ್ಡಿಗಳ ಮೇಲಿನ ಜಿಡ್ಡನ್ನು ಉಜ್ಜುಕಾಗದ ಮತ್ತು ಅಸಿಟೋನ್‌ನಿಂದ ತೆಗೆಯಬೇಕು. ಉಜ್ಜುಕಾಗದದ ಸಣ್ಣ ಗೀರುಗಳು ಲೇಪವನ್ನು ಹಿಡಿದುಕೊಳ್ಳಲು ಸಹ ನೆರವಾಗುತ್ತವೆ.

ಲೇಪ ದಪ್ಪ ಮಜ್ಜಿಗೆಯ ಹದದಲ್ಲಿರಬೇಕು. ಕಡ್ಡಿಯನ್ನು ನೇರವಾಗಿ ಇಳಿಸಿ, ನೇರವಾಗಿ, ನಿಲ್ಲಿಸದೆ ಮೇಲೆತ್ತಿದರೆ ಪದರ ಸಮನಾಗಿ ಕೂರುತ್ತದೆ. ತೆಳುವಾದ ಕಡ್ಡಿಯಲ್ಲಿ ತೂತು ದೊಡ್ಡದಾಗಬಾರದೆಂದು ಲೇಪವನ್ನೂ ತೆಳುವಾಗಿ ಹಾಕುವ ಆಸೆ ಎಲ್ಲರಿಗೂ ಬರುತ್ತದೆ, ಆದರೆ ಲೋಹದ ಹೊಳಪು ಎಲ್ಲಿಯೂ ಇಣುಕಬಾರದು. ಮೊದಲ ಸುತ್ತು ಹಾಕುವಾಗ ಕರಗಿದ ಗಾಜನ್ನು ಕಡ್ಡಿಗೆ ಒತ್ತದೆ, ಹೂವಿನ ಮೇಲೆ ದಾರ ಸುತ್ತಿದಷ್ಟು ಹಗುರವಾಗಿ ಸುತ್ತಬೇಕು, ಏಕೆಂದರೆ ಗಟ್ಟಿಯಾದ ಕೋಲಿನ ತುದಿ ಲೇಪವನ್ನು ಕೆರೆದುಬಿಡುತ್ತದೆ. ಕೆಲಸದ ನಡುವೆ ಕಡ್ಡಿ ಬಾಗದಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. 1.2 ಮಿ.ಮೀ. ಕಡ್ಡಿ ಕೆಂಪಗೆ ಕಾದಾಗ ಮಣಿಯ ಭಾರಕ್ಕೇ ಬಾಗುತ್ತದೆ. ತೂತಿನೊಳಗೆ ಬಾಗಿದ ಕಡ್ಡಿಯನ್ನು ತಿರುಗಿಸಿ ತೆಗೆಯಲು ಸಾಧ್ಯವಿಲ್ಲ, ಲೇಪ ಎಷ್ಟೇ ಚೆನ್ನಾಗಿದ್ದರೂ ಅಷ್ಟೇ.

ಇವೆಲ್ಲಕ್ಕಿಂತ, ಈ ಕಡ್ಡಿಯ ಮೇಲೆ 10 ಮಿ.ಮೀ.ಗಿಂತ ಉದ್ದದ ಮಣಿಯನ್ನು ಮಾಡಬೇಡಿ. ಉದ್ದನೆಯದೇ ಬೇಕಿದ್ದರೆ 1.6 ಮಿ.ಮೀ. ಕಡ್ಡಿಯನ್ನು ಬಳಸಿ, ಗಂಟನ್ನು ತಡೆಯಲು ಅಡಿಯಲ್ಲಿ ಒಂದು ಕರಿಮಣಿಯನ್ನು ಪೋಣಿಸಿಬಿಡಿ. ಕರಿಮಣಿಯಂತಹ ಸಣ್ಣ ಮಣಿಗಳಲ್ಲಿ ಅಷ್ಟು ಕಿರಿದಾದ ತೂತು ಹೇಗೆ ಬಂತೆಂದರೆ, ಅವನ್ನು ಕಡ್ಡಿಗೆ ಸುತ್ತುವುದೇ ಇಲ್ಲ. ಟೊಳ್ಳಾದ ಗಾಜಿನ ಕೊಳವೆಯನ್ನು ಉದ್ದಕ್ಕೆ ಎಳೆದು ಕತ್ತರಿಸುತ್ತಾರೆ. ತಿರುಪತಿಯ ಹತ್ತಿರದ ಪಾಪಾನಾಯುಡುಪೇಟೆಯಲ್ಲಿ ಕೈಯಿಂದಲೇ ಹೀಗೆ ಕೊಳವೆ ಎಳೆಯುವ ಕಸುಬು ಇತ್ತು. ಬಿಡಿಸುವ ತಾಪತ್ರಯವೇ ಇಲ್ಲದ ಮಣಿ ಅದು.

ಬಿಡಿಸಿದ ಮೇಲೆ ತೂತಿನಲ್ಲಿ ಉಳಿದ ಲೇಪವನ್ನು ಡೈಮಂಡ್ ರೀಮರ್‌ನಿಂದ (ವಜ್ರದ ಪುಡಿ ಹಚ್ಚಿದ ಸಣ್ಣ ಅರ) ನೀರಿನೊಳಗೆ ಮುಳುಗಿಸಿಯೇ ಕೆರೆಯಿರಿ. ಒಣಗಿದ ಪುಡಿಯನ್ನು ಊದಿ ತೆಗೆಯುವ ಅಭ್ಯಾಸ ಬೇಡ. ಗಾಜಿನ ಮತ್ತು ಜೇಡಿಯ ಆ ನುಣುಪು ಧೂಳು ಶ್ವಾಸಕೋಶಕ್ಕೆ ಹೋಗಿ ಸೇರಿದರೆ ಹೊರಬರುವುದಿಲ್ಲ.

---

ಪ್ರತಿಕ್ರಿಯೆ: ಸೆರಗಿನ ಕುಚ್ಚು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಹನ್ನೊಂದು ಮಣಿಗಳೂ ಅನೀಲಿಂಗ್‌ನಿಂದ ಸುರಕ್ಷಿತವಾಗಿ ಹೊರಬಂದವು. ಮರುದಿನ ನೆನೆಸಿ, ನಮ್ಮ ಬೀದಿಯ ಅಕ್ಕಸಾಲಿಗರಿಂದ ಎರಡು ಪಿನ್ ವೈಸ್‌ಗಳನ್ನು ಎರವಲು ತಂದು, ಅಮ್ಮ ಸೈಕಲ್ ಟ್ಯೂಬಿನಲ್ಲಿ ಮಣಿಯನ್ನು ಹಿಡಿದುಕೊಂಡಾಗ ನಾನು ಎರಡೂ ಬದಿಗಳನ್ನು ಲಟ್ಟಣಿಗೆಯಂತೆ ತಿರುಗಿಸಿದೆ. ನಾಲ್ಕು ಮಣಿಗಳು ಮೊದಲ ದಿನವೇ ಬಂದವು. ಜ್ವಾಲೆಮಣಿ ಅವರು ಹೇಳಿದ ಆ ಮರಳಿನ ಸದ್ದು ನಾಲ್ಕರಲ್ಲೂ ಸ್ಪಷ್ಟವಾಗಿ ಕೇಳಿಸಿತು. ಉಳಿದ ಏಳರಲ್ಲಿ, ಬಣ್ಣ ಸರಿಯಾಗಿ ಬರದಿದ್ದ ಒಂದನ್ನು ಒದ್ದೆಯಾಗಿಯೇ ಫ್ರೀಜರಿನಲ್ಲಿಟ್ಟು, ಕೋಣೆಯಲ್ಲಿ ತಾನಾಗಿ ಕರಗಲು ಬಿಟ್ಟು, ಹೀಗೆ ಮೂರು ಬಾರಿ ಮಾಡಿದ ಮೇಲೆ ಅದು ಕದಲಿತು. ಆ ಧೈರ್ಯದಿಂದ ಇನ್ನೂ ನಾಲ್ಕನ್ನು ಇಟ್ಟೆ. ಮೂರು ಬಂದವು, ಗೋಡೆ ತೆಳುವಾಗಿದ್ದ ಒಂದು ಬಾಯಿಯ ಬಳಿ ಬಿರಿಯಿತು. ಒಟ್ಟು ಎಂಟು ಮಣಿಗಳು ಈಗ ಸೀರೆಯ ಸೆರಗಿನಲ್ಲಿವೆ. ಉಳಿದ ಕುಚ್ಚುಗಳಿಗೆ ಸಮಪಾಲಿನ ಲೇಪದಲ್ಲಿ 10 ಮಿ.ಮೀ. ಮಣಿಗಳನ್ನು ಮಾಡಿ ಸೇರಿಸಿದ್ದೇನೆ, ಅವು ಒಂದೇ ರಾತ್ರಿ ನೆನೆದು ಸುಲಭವಾಗಿ ಬಂದವು.

ಕೊನೆಯ ಎರಡರಲ್ಲಿ ಕಡ್ಡಿ ಒಳಗೇ ಬಾಗಿದೆ ಎಂದು ತೋರುತ್ತದೆ, ಅವನ್ನು ಮತ್ತೆ ಮುಟ್ಟಿಲ್ಲ. ಕಡ್ಡಿಯ ಒಂದು ಬದಿಯನ್ನು ಮಣಿಯ ಅಂಚಿಗೆ ಕತ್ತರಿಸಿ, ಇನ್ನೊಂದು ಬದಿಯನ್ನು ಉದ್ದಕ್ಕೆ ಬಿಟ್ಟು, ಅಮ್ಮ ಅವೆರಡನ್ನೂ ತುಳಸಿಯ ಕುಂಡದಲ್ಲಿ ನೆಟ್ಟಿದ್ದಾರೆ.